ಹಳೆಯ ರೈಫಲ್‌ನ ಟ್ರಿಗರ್ ಹದಗೊಳಿಸುವುದು: ಮಲೆನಾಡಿನ ಕೋವಿದಾರರಿಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ರೈಫಲ್ ಉಳಿಸಿಕೊಂಡವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಟ್ರಿಗರ್ ಬಹಳ ಬಿಗಿ, ಎಳೆದೆಳೆದು ಬೆರಳು ಸೋಲುತ್ತದೆ, ಈಡು ಹಾರುವ ಹೊತ್ತಿಗೆ ಗುರಿ ಕದಲಿರುತ್ತದೆ. ಅದಕ್ಕೆ ಸಿಗುವ ಸಲಹೆಯೂ ಒಂದೇ: ಈಡು ಬಿಡದಂತೆ ತಡೆದಿರುವ ಒಳಗಿನ ಕಚ್ಚನ್ನು ಅರದಿಂದ ಸ್ವಲ್ಪ ಉಜ್ಜಿಸಿ, ಇಲ್ಲವೇ ಸ್ಪ್ರಿಂಗನ್ನು ಸಡಿಲ ಮಾಡಿಸಿ. ಈ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಅರ ಆಡಿಸಿದ ಕಚ್ಚು ಇಂದು ಹಗುರವಾಗಿ ಬಿಡುತ್ತದೆ, ನಾಳೆ ಬೇಲಿ ದಾಟುವಾಗ ತಾನಾಗಿಯೇ ಬಿಡುತ್ತದೆ.

ಹಳೆಯ ಟ್ರಿಗರ್ ಬಿಗಿಯಾಗಿರಲು ಬಹಳ ಸಲ ಉಕ್ಕು ಕಾರಣವಲ್ಲ. ಹೆಪ್ಪುಗಟ್ಟಿದ ಎಣ್ಣೆ, ಧೂಳು, ತುಕ್ಕು, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರ, ಬಿಗಿ ತಪ್ಪಿದ ತಿರುಪು ಇವೇ ಕಾರಣ. ಇವುಗಳನ್ನು ಒಂದೊಂದಾಗಿ ಸರಿಪಡಿಸುತ್ತ ಬಂದರೆ ಕಚ್ಚನ್ನು ಮುಟ್ಟುವ ಅಗತ್ಯ ಅನೇಕ ರೈಫಲ್‌ಗಳಿಗೆ ಬರುವುದೇ ಇಲ್ಲ. ಆಮೇಲೂ ಬಂದರೆ ಆ ಕೆಲಸ ಪರವಾನಗಿ ಇರುವ ಕೋವಿ ರಿಪೇರಿಯವರದು. ಆ ಅನುಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ತಯಾರಿಕೆ ಮತ್ತು ಮಾರಾಟದ ಜೊತೆಗೆ ದುರಸ್ತಿ, ಮಾರ್ಪಾಡು, ಪರೀಕ್ಷೆಗಳಿಗೂ ಪ್ರತ್ಯೇಕ ಪರವಾನಗಿ ಬೇಕೆನ್ನುತ್ತದೆ. ನಿಮ್ಮ ಕೈಯಲ್ಲಿರುವ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು, ರಿಪೇರಿ ಮಾಡಲು ಕೊಟ್ಟದ್ದಲ್ಲ. ಒರೆಸುವುದು, ಎಣ್ಣೆ ಹಚ್ಚುವುದು, ತಿರುಪಿನ ಬಿಗಿ ನೋಡುವುದು ಮಾಲೀಕನ ನಿತ್ಯದ ಆರೈಕೆ. ಲೋಹ ಕೆರೆಯುವುದು, ಸ್ಪ್ರಿಂಗ್ ಬದಲಿಸುವುದು, ಟ್ರಿಗರ್ ಭಾಗವನ್ನೇ ಹೊಸದಾಗಿ ಕೂರಿಸುವುದು ಅದರಾಚೆಯ ಮಾತು. ಕೋವಿಯ ಬಿಡಿಭಾಗಗಳೂ ಕಾಯ್ದೆಯ ಪ್ರಕಾರ ಶಸ್ತ್ರಗಳೇ ಆದ್ದರಿಂದ ಹೊರದೇಶದಿಂದ ಪಾರ್ಸೆಲ್‌ನಲ್ಲಿ ಟ್ರಿಗರ್ ತರಿಸುವ ಯೋಚನೆಯನ್ನು ಬಿಟ್ಟುಬಿಡಿ.

ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂದು ಶಿಕಾರಿ ಎಂಬುದು ನಮ್ಮಲ್ಲಿ ಇಲ್ಲ. ಬೆಳೆ ಹಾಳುಮಾಡುವ ಹಂದಿಯ ವಿಷಯದಲ್ಲೂ ಅದೇ ಕಾಯ್ದೆಯ 11ನೇ ಕಲಮಿನಂತೆ ಅಧಿಕಾರ ಇರುವವರ ಲಿಖಿತ ಅನುಮತಿ ಇಲ್ಲದೆ ಈಡು ಹೊಡೆಯುವಂತಿಲ್ಲ. ಹಾಗಾದರೆ ಟ್ರಿಗರ್ ಏಕೆ ಸರಿಮಾಡಬೇಕು ಎಂದು ಕೇಳುವವರಿದ್ದಾರೆ. ಮನೆಯಲ್ಲಿರುವ ಕೋವಿ ಸುರಕ್ಷಿತವಾಗಿರಬೇಕು, ಗುರಿ ಅಭ್ಯಾಸದ ರೇಂಜಿನಲ್ಲಿ ನಂಬಿ ಹಿಡಿಯುವಂತಿರಬೇಕು. ಕೆಟ್ಟ ಟ್ರಿಗರ್ ಇರುವ ಕೋವಿಗೆ ಇವೆರಡೂ ಇಲ್ಲ.

ಯಾವ ರೈಫಲ್, ಒಳಗೇನಿದೆ

ನಮ್ಮ ಭಾಗದಲ್ಲಿ ಕಾಣಸಿಗುವ ರೈಫಲ್‌ಗಳಲ್ಲಿ .315 ಬೋರಿನದು (ಬೋರ್ ಎಂದರೆ ನಳಿಗೆಯ ಒಳ ಅಳತೆ) ಮುಖ್ಯವಾದದ್ದು. ಸೈನ್ಯದ .303 ಬೋರ್ ನಾಗರಿಕರಿಗೆ ನಿಷಿದ್ಧವಾಗಿದ್ದರಿಂದ ಬ್ರಿಟಿಷ್ ಸೈನ್ಯದ ಲೀ ಎನ್‌ಫೀಲ್ಡ್ ಮಾದರಿಯ ಯಂತ್ರಕ್ಕೇ .315ರ ನಳಿಗೆ ಹೊಂದಿಸಿ ಪಶ್ಚಿಮ ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿ ತಯಾರಿಸಿದ್ದು ಇದು. ಕೆಲವು ಮನೆಗಳಲ್ಲಿ ಮೌಸರ್ ಮಾದರಿಯ ಹಳೆಯ ವಿಲಾಯತಿ ರೈಫಲ್‌ಗಳೂ ಇವೆ. ಎರಡರ ಒಳಗಣ ಏರ್ಪಾಡು ಬೇರೆಯಾದರೂ ತತ್ವ ಒಂದೇ. ತೋಟಾವನ್ನು ನಳಿಗೆಗೆ ತಳ್ಳಿ ಮುಚ್ಚುವ ಬೋಲ್ಟಿನ ಹಿಂದೆ, ಸೂಜಿಗೆ ಜೋಡಿಸಿರುವ ಕಾಕಿಂಗ್ ಪೀಸ್ ಎಂಬ ತುಂಡಿನಲ್ಲಿ ಒಂದು ಕಚ್ಚು ಇರುತ್ತದೆ. ಸಿಯರ್ ಎಂಬ ಸಣ್ಣ ಉಕ್ಕಿನ ತುಂಡು ಆ ಕಚ್ಚಿಗೆ ಅಡ್ಡ ನಿಂತು, ಒತ್ತಿಕೊಂಡಿರುವ ಬಲವಾದ ಸ್ಪ್ರಿಂಗನ್ನು ತಡೆದಿರುತ್ತದೆ. ಟ್ರಿಗರ್ ಎಳೆದಾಗ ಸಿಯರ್ ಕೆಳಗೆ ಜಾರುತ್ತದೆ, ತಡೆ ತಪ್ಪುತ್ತದೆ, ಸೂಜಿ ಮುನ್ನುಗ್ಗಿ ತೋಟಾದ ತಳವನ್ನು ಹೊಡೆಯುತ್ತದೆ. ಸಿಯರ್ ಮತ್ತು ಕಚ್ಚು ಒಂದನ್ನೊಂದು ಹಿಡಿದಿರುವ ಜಾಗ ಬಹಳ ಕಿರಿದು. ಆ ಕಿರಿದಾದ ಹಿಡಿತದ ಮೇಲೆ ನಿಮ್ಮ ಮತ್ತು ಪಕ್ಕದವರ ಜೀವ ನಿಂತಿದೆ.

ಇಂಥ ಟ್ರಿಗರ್‌ಗಳು ಎರಡು ಹಂತದವು. ಟ್ರಿಗರ್‌ನ ಮೇಲ್ತುದಿಯಲ್ಲಿ ಎರಡು ಉಬ್ಬುಗಳಿವೆ. ಮೊದಲ ಉಬ್ಬು ಸಿಯರನ್ನು ಅರ್ಧ ದಾರಿ ಇಳಿಸುತ್ತದೆ, ಬೆರಳಿಗೆ ಅದು ಉದ್ದನೆಯ ಹಗುರ ಎಳೆತ. ಎರಡನೆಯ ಉಬ್ಬು ತಾಗಿದಾಗ ಬೆರಳಿಗೆ ಒಂದು ತಡೆ ಸಿಗುತ್ತದೆ. ಅಲ್ಲಿಂದ ಮುಂದೆ ಸ್ವಲ್ಪವೇ ಒತ್ತಿದರೆ ಈಡು ಬಿಡುತ್ತದೆ. ಮೊದಲ ಎಳೆತವನ್ನು ದೋಷವೆಂದು ತಿಳಿದು ತೆಗೆಸಿಬಿಡುವವರಿದ್ದಾರೆ. ಆದರೆ ಬೆರಳು ಮುಟ್ಟದಿರುವಾಗ ಸಿಯರ್ ಪೂರ್ತಿ ಆಳಕ್ಕೆ ಹಿಡಿದು ನಿಂತಿರಲು ಇದೇ ಏರ್ಪಾಡು ಕಾರಣ.

ಹಂತ 1: ಖಾಲಿ ಮಾಡುವುದು

ತೋಟಾ ತುಂಬುವ ಮ್ಯಾಗಜೀನ್ ಕಳಚಿ. ಬೋಲ್ಟ್ ಹಿಂದಕ್ಕೆಳೆದು ನಳಿಗೆಯ ಬುಡವನ್ನು ಬೆಳಕಿನಲ್ಲಿ ನೋಡಿ. ನೋಡಿದರಷ್ಟೇ ಸಾಲದು, ಕಿರುಬೆರಳು ಹಾಕಿ ಮುಟ್ಟಿ ನೋಡಿ. ಮನೆಯಲ್ಲಿರುವ ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ನಿಮ್ಮ ಬಳಿಯೇ ಇರಲಿ. ಕೆಲಸದ ನಡುವೆ ಕಾಫಿಗೆ ಎದ್ದು ಹೋದರೂ, ಫೋನ್ ಬಂದು ಹೊರಗೆ ನಡೆದರೂ, ಮರಳಿ ಕುಳಿತಾಗ ಇದನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿ. ಮಕ್ಕಳಿರುವ ಹೊತ್ತಿನಲ್ಲಿ ಜಗುಲಿಯ ಮೇಲೆ ಕೋವಿ ಬಿಚ್ಚಿ ಕೂರಬೇಡಿ. ನಳಿಗೆ ಸದಾ ಮಣ್ಣಿನ ದಪ್ಪ ಗೋಡೆಯ ಕಡೆಗೇ ಇರಲಿ.

ಹಂತ 2: ಬೆರಳಿನಿಂದ ಓದುವುದು

ಬಿಚ್ಚುವ ಮೊದಲು ಟ್ರಿಗರ್ ಈಗ ಹೇಗಿದೆ ಎಂದು ತಿಳಿಯಬೇಕು. ನಳಿಗೆಯ ಬುಡದಲ್ಲಿ ತೋಟಾ ಕೂರುವ ಚೇಂಬರಿನಲ್ಲಿ ಡಮ್ಮಿ ತೋಟಾ ಇಟ್ಟು ಬೋಲ್ಟ್ ಮುಚ್ಚಿ. ಮದ್ದಿಲ್ಲದ, ಸೂಜಿಯ ಪೆಟ್ಟು ತಡೆದುಕೊಳ್ಳಲೆಂದೇ ಮಾಡಿದ ತೋಟಾ ಇದು, ಕೋವಿ ಅಂಗಡಿಯಲ್ಲಿ ಕೇಳಿ. ಕಣ್ಣು ಮುಚ್ಚಿ ನಿಧಾನವಾಗಿ ಎಳೆಯಿರಿ. ಮೊದಲ ಎಳೆತ ನುಣುಪಾಗಿದೆಯೇ, ಮರಳು ಸಿಕ್ಕಿದಂತೆ ಕರಕರ ಎನ್ನುತ್ತದೆಯೇ? ಎರಡನೆಯ ತಡೆ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆಯೇ? ತಡೆಯಿಂದ ಮುಂದೆ ಒಮ್ಮೆಗೇ ಬಿಡುತ್ತದೆಯೇ, ಇಂಚಿಂಚು ತೆವಳಿ ಕೊನೆಗೆ ಬಿಡುತ್ತದೆಯೇ? ಬಿಟ್ಟ ಮೇಲೆ ಬೆರಳು ಹಿಂದಕ್ಕೆ ಇನ್ನೂ ಬಹಳ ದೂರ ಓಡುತ್ತದೆಯೇ? ಕೈ ತೆಗೆದಾಗ ಟ್ರಿಗರ್ ಚಟ್ಟನೆ ಮುಂದಕ್ಕೆ ಬರುತ್ತದೆಯೇ, ಸೋಮಾರಿಯಾಗಿ ಬರುತ್ತದೆಯೇ?

ಈ ಉತ್ತರಗಳನ್ನು ಒಂದು ನೋಟುಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ. ಸೋಮಾರಿಯಾಗಿ ಮರಳುವ ಟ್ರಿಗರ್ ಇದ್ದರೆ ಅದಕ್ಕೆ ಅಡಿಗೆರೆ ಎಳೆಯಿರಿ. ಬಿಗಿ ಎಂಬ ದೂರಿಗಿಂತ ಅದು ಹೆಚ್ಚು ಅಪಾಯದ ಲಕ್ಷಣ.

ಹಂತ 3: ತೂಗುವುದು

ಪ್ರಯಾಣದ ಚೀಲ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಈಗ ಶಿವಮೊಗ್ಗದ ಅಂಗಡಿಗಳಲ್ಲೂ ಸಿಗುತ್ತದೆ. ಗರಿಷ್ಠ ತೂಕವನ್ನು ಹಿಡಿದು ತೋರಿಸುವಂಥದ್ದನ್ನು ಆರಿಸಿ. ಅದರ ಕೊಕ್ಕೆಗೆ ಗಟ್ಟಿ ದಾರದ ಕುಣಿಕೆ ಹಾಕಿ, ಕುಣಿಕೆಯನ್ನು ಟ್ರಿಗರ್‌ನ ಬಾಗಿನ ನಡುವೆ, ಬೆರಳು ಕೂರುವ ಜಾಗದಲ್ಲೇ ಇಡಿ. ರೈಫಲನ್ನು ದಿಂಬಿನ ಮೇಲೆ ಅಲುಗದಂತೆ ಒಬ್ಬರು ಹಿಡಿಯಲಿ, ಇನ್ನೊಬ್ಬರು ನಳಿಗೆಗೆ ಸಮಾನಾಂತರವಾಗಿ ನೇರ ಹಿಂದಕ್ಕೆ ಎಳೆಯಲಿ. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ. ಐದು ಸಲ ತೂಗಿ, ಐದೂ ಅಂಕಿ ಬರೆಯಿರಿ.

ಸರಾಸರಿಯನ್ನಷ್ಟೇ ನೋಡಬೇಡಿ, ಅಂಕಿಗಳ ನಡುವಿನ ಅಂತರವನ್ನೂ ನೋಡಿ. ಐದೂ ಸಲ ಹತ್ತಿರ ಹತ್ತಿರ ಬಂದು, ತೂಕ ಮಾತ್ರ ಹೆಚ್ಚಿದ್ದರೆ ಯಂತ್ರ ಆರೋಗ್ಯವಾಗಿದೆ, ಅದರ ಸ್ವಭಾವವೇ ಬಿಗಿ. ಒಮ್ಮೆ ಎರಡೂವರೆ ಕೆ.ಜಿ., ಇನ್ನೊಮ್ಮೆ ಮೂರೂವರೆ ಎಂದು ಕುಣಿದಾಡಿದರೆ ಒಳಗೆ ಕೊಳೆ, ತುಕ್ಕು ಅಥವಾ ಸವೆತ ಇದೆ. ಸೈನ್ಯದ ಲೀ ಎನ್‌ಫೀಲ್ಡ್‌ನ ಮೊದಲ ಎಳೆತ 3ರಿಂದ 4 ಪೌಂಡ್, ಎರಡನೆಯದು 5ರಿಂದ 6.5 ಪೌಂಡ್ ಇರುತ್ತಿತ್ತು. ನಮ್ಮ ಲೆಕ್ಕದಲ್ಲಿ ಈಡು ಬಿಡುವ ತೂಕ ಸುಮಾರು 2.3ರಿಂದ 3 ಕೆ.ಜಿ. ನಿಮ್ಮ .315 ಈ ಮಿತಿಯೊಳಗೆ ಇದ್ದು ನುಣುಪಾಗಿ ಬಿಡುತ್ತಿದ್ದರೆ ಅದು ಒಳ್ಳೆಯ ಟ್ರಿಗರ್. ನನ್ನ ಅಭಿಪ್ರಾಯದಲ್ಲಿ ಇಂಥ ರೈಫಲನ್ನು 2 ಕೆ.ಜಿ.ಗಿಂತ ಕೆಳಗೆ ಇಳಿಸುವುದು ಸಲ್ಲದು. ಗುರಿ ಕೆಡಿಸುವುದು ತೂಕಕ್ಕಿಂತ ಹೆಚ್ಚಾಗಿ ತೆವಳುವಿಕೆ. ಎಲ್ಲಿ ಬಿಡುತ್ತದೆಂದು ಗೊತ್ತಿರುವ ಮೂರು ಕೆ.ಜಿ., ಎಲ್ಲಿ ಬಿಡುತ್ತದೆಂದು ಗೊತ್ತಾಗದ ಒಂದೂವರೆ ಕೆ.ಜಿ.ಗಿಂತ ಎಷ್ಟೋ ವಾಸಿ.

ಹಂತ 4: ಸುರಕ್ಷತೆಯ ಪರೀಕ್ಷೆ

ಇದನ್ನು ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಲೇಬೇಕು. ನಿಜವಾದ ತೋಟಾ ಹತ್ತಿರವೂ ಇರಬಾರದು.

ಬೋಲ್ಟ್ ಮುಚ್ಚಿ ಸೇಫ್ಟಿ (ಈಡು ಬಿಡದಂತೆ ತಡೆಯುವ ಕೊಂಡಿ) ಹಾಕಿ. ಟ್ರಿಗರನ್ನು ಚೆನ್ನಾಗಿ ಒತ್ತಿ, ಬಿಟ್ಟುಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಕಾಕಿಂಗ್ ಪೀಸ್ ನಿಂತಲ್ಲೇ ನಿಲ್ಲಬೇಕು. ಸೇಫ್ಟಿ ತೆಗೆದ ಕೂಡಲೇ ‘ಟಕ್’ ಎಂದು ಬಿದ್ದರೆ ಸಿಯರ್ ತನ್ನ ಜಾಗಕ್ಕೆ ಮರಳಿಲ್ಲ ಎಂದರ್ಥ. ತೋಟಾ ಇದ್ದಿದ್ದರೆ ಆಗ ಈಡು ಹಾರಿರುತ್ತಿತ್ತು. ಎರಡನೆಯದು, ಬೋಲ್ಟನ್ನು ಜೋರಾಗಿ ಮುಂದಕ್ಕೆ ತಳ್ಳಿ ಮುಚ್ಚಿ. ಹಲವು ಸಲ ಮಾಡಿ. ಒಮ್ಮೆಯೂ ಕಾಕಿಂಗ್ ಪೀಸ್ ಬೋಲ್ಟಿನ ಜೊತೆ ಹಿಂಬಾಲಿಸಿ ಹೋಗಬಾರದು. ಮೂರನೆಯದು, ಸೇಫ್ಟಿ ತೆಗೆದು, ರೈಫಲನ್ನು ನೆಟ್ಟಗೆ ಹಿಡಿದು, ದಪ್ಪ ರಬ್ಬರ್ ಮ್ಯಾಟಿನ ಮೇಲೆ ನಾಲ್ಕಾರು ಬೆರಳಿನ ಎತ್ತರದಿಂದ ಬಟ್ಟನ್ನು, ಅಂದರೆ ಭುಜಕ್ಕೆ ಒತ್ತುವ ಹಿಂದಿನ ಮರದ ಭಾಗವನ್ನು, ಕುಕ್ಕಿ. ಆಗಲೂ ಬೀಳಕೂಡದು.

ಈ ಮೂರರಲ್ಲಿ ಒಂದು ತಪ್ಪಿದರೂ ಮುಂದಿನ ಹಂತಗಳು ನಿಮಗಲ್ಲ. ರೈಫಲನ್ನು ಚೀಲಕ್ಕೆ ಹಾಕಿ, ರಿಪೇರಿಯವರಲ್ಲಿಗೆ ಒಯ್ಯಿರಿ. ‘ಇಷ್ಟು ವರ್ಷ ಏನೂ ಆಗಿಲ್ಲವಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಹಂತ 5: ಕೊಳೆ ತೆಗೆಯುವುದು

ಮಲೆನಾಡಿನ ರೈಫಲ್‌ನೊಳಗೆ ಸೇರುವ ಕೊಳೆಗೆ ಅದರದೇ ಗುಣವಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಸುತ್ತಲಿನ ಊರುಗಳಲ್ಲೂ ಆಷಾಢ, ಶ್ರಾವಣದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಆ ತೇವ ಟ್ರಿಗರ್ ಸುತ್ತಲಿನ ಲೋಹದ ಪಟ್ಟಿಯಾದ ಗಾರ್ಡಿನ ಒಳಮೈಯಲ್ಲಿ ಕುಳಿತರೆ ಒಂದೇ ಮಳೆಗಾಲಕ್ಕೆ ತುಕ್ಕು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ. ಅಲ್ಲಿ ವಾರಗಟ್ಟಲೆ ನಿಂತು ಬಂದ ರೈಫಲ್ ಎಣ್ಣೆ ಆರಿ, ಧೂಳು ತುಂಬಿ ಬರುವುದು ಸಾಮಾನ್ಯ. ಮರಳಿ ಪಡೆದ ದಿನವೇ ಒರೆಸಿಡಬೇಕು.

ಇದಕ್ಕಿಂತ ದೊಡ್ಡ ಕಾರಣ ಕೊಬ್ಬರಿ ಎಣ್ಣೆ. ಕೈಗೆ ಸಿಗುವ ಎಣ್ಣೆಯೆಂದು ಎಷ್ಟೋ ಮನೆಗಳಲ್ಲಿ ಕೋವಿಗೆ ಅದನ್ನೇ ಹಚ್ಚುತ್ತಾರೆ. 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ಪುಷ್ಯಮಾಸದ ನಸುಕಿನಲ್ಲಿ ಬಚ್ಚಲುಮನೆಯ ಬಾಟಲಿಯಲ್ಲಿ ಎಣ್ಣೆ ಬಿಳಿಯಾಗಿ ಗಟ್ಟಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ಎಣ್ಣೆ ಸಿಯರಿನ ಸಂದಿಯಲ್ಲೂ ಬೋಲ್ಟಿನೊಳಗೂ ಇದ್ದರೆ ಅಲ್ಲಿಯೂ ಗಟ್ಟಿಯಾಗುತ್ತದೆ. ಟ್ರಿಗರ್ ಮಂದವಾಗುತ್ತದೆ, ಸಿಯರ್ ಪೂರ್ತಿ ಮೇಲೇರುವುದಿಲ್ಲ, ಸೂಜಿಯ ಪೆಟ್ಟು ಸೋತು ತೋಟಾ ಹುಸಿಯಾಗುತ್ತದೆ. ವರ್ಷಗಳು ಕಳೆದಂತೆ ಅದು ಕಂದು ಅಂಟಾಗಿ ಲೋಹಕ್ಕೆ ಕಚ್ಚಿಕೊಳ್ಳುತ್ತದೆ.

ಆಯುಧಪೂಜೆಯ ಗಂಧ, ಕುಂಕುಮ, ಅಕ್ಷತೆಯೂ ಒಳಗೆ ಹೋಗುತ್ತವೆ. ಗಾರ್ಡಿನ ಸೀಳಿನಲ್ಲಿ ಟ್ರಿಗರ್ ಮೇಲೇರುವ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿ. ಕೆಂಪು ಕಂಡರೆ ತುಕ್ಕೆಂದು ಹೆದರಬೇಡಿ. ಬಟ್ಟೆಯ ತುದಿಯಿಂದ ತೀಡಿದಾಗ ಬಣ್ಣ ಬಟ್ಟೆಗೆ ಜಿಡ್ಡಾಗಿ ಹರಡಿದರೆ ಅದು ಎಣ್ಣೆಯಲ್ಲಿ ಕಲಸಿದ ಕುಂಕುಮ. ಪುಡಿ ಉದುರಿ, ಕೆಳಗೆ ಲೋಹ ಒರಟಾಗಿ ಉಗುರಿಗೆ ತಾಗಿದರೆ ತುಕ್ಕು. ಪೂಜೆ ಬೇಡ ಎನ್ನುತ್ತಿಲ್ಲ. ಗಂಧ ಕುಂಕುಮವನ್ನು ಮರದ ಬಟ್ಟಿಗೆ ಹಚ್ಚಿ, ಯಂತ್ರದ ಭಾಗಕ್ಕೆ ಹೂವಷ್ಟೇ ಇಡಿ.

ಇನ್ನು ಬಿಚ್ಚುವ ಕ್ರಮ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟ್ ಹೊರತೆಗೆದು ಪಕ್ಕಕ್ಕಿಡಿ. ಮನೆಯಲ್ಲಿ ಎರಡು ರೈಫಲ್ ಇದ್ದರೆ ಬೋಲ್ಟ್ ಅದಲುಬದಲಾಗಬಾರದು, ಪ್ರತಿಯೊಂದನ್ನೂ ಅದರದೇ ರೈಫಲಿಗೆ ಹೊಂದಿಸಿರುತ್ತಾರೆ. ತಿರುಪಿನ ಸೀಳಿಗೆ ಸರಿಯಾಗಿ ತುಂಬಿ ಕೂರುವ ಸ್ಕ್ರೂಡ್ರೈವರ್ ಬೇಕು. ಸಡಿಲವಾದದ್ದು ಜಾರಿ ತಿರುಪಿನ ತಲೆಯನ್ನೇ ಹರಿಯುತ್ತದೆ. ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಗಾರ್ಡಿನ ಹಿಂದಿನ ಮತ್ತು ಮುಂದಿನ ತಿರುಪು ತೆಗೆದರೆ ಗಾರ್ಡ್ ಕೆಳಗೆ ಬರುತ್ತದೆ, ಟ್ರಿಗರ್ ಅದರಲ್ಲೇ ಒಂದು ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಪಿನ್ ಹೊಡೆದು ತೆಗೆಯುವ ಅಗತ್ಯವಿಲ್ಲ. ಸಿಯರ್ ಮೇಲೆ ರೈಫಲ್‌ನ ಮೈಯಲ್ಲೇ ಉಳಿಯುತ್ತದೆ. ಅದರ ಸ್ಪ್ರಿಂಗ್ ಮ್ಯಾಗಜೀನಿನ ಕೊಂಡಿಯನ್ನೂ ಒತ್ತಿ ಹಿಡಿದಿರುತ್ತದೆ. ಅದನ್ನು ಮುಟ್ಟಬೇಡಿ. ಹಿಂದಿನ ಬಟ್ಟನ್ನು ತಿರುಗಿಸುವ ಪ್ರಯತ್ನವನ್ನಂತೂ ಮಾಡಲೇಬೇಡಿ. ಹಳೆಯ ಮಾದರಿಗಳಲ್ಲಿ ಬಟ್ಟನ್ನು ಹಿಡಿದಿರುವ ಉದ್ದ ತಿರುಪಿನ ಚೌಕ ತುದಿ ಮುಂದಿನ ಮರದೊಳಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರ ಕಳಚದೆ ಅದನ್ನು ತಿರುಗಿಸಿದರೆ ಮರ ಸೀಳುತ್ತದೆ.

ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಟರ್ಪಂಟೈನ್ ತಾಗಿಸಿ ಸಂದಿಗಳನ್ನು ಉಜ್ಜಿ. ರೈಫಲನ್ನು ತಲೆಕೆಳಗಾಗಿ ಹಿಡಿದರೆ ಕರಗಿದ ಕೊಳೆ ಮರಕ್ಕೆ ಇಳಿಯುವುದಿಲ್ಲ. ಪೆಟ್ರೋಲ್ ಬಳಸಬೇಡಿ, ಒಲೆ ಉರಿಯುತ್ತಿರುವ ಮನೆಯಲ್ಲಿ ಅದು ಅನಾಹುತ. ಬೋಲ್ಟಿನ ಹಿಂಬದಿಯ ಕಚ್ಚನ್ನು ಬಟ್ಟೆಯಿಂದಷ್ಟೇ ಒರೆಸಿ. ಮರಳು ಕಾಗದ, ತಂತಿ ಬ್ರಷ್, ಚೂರಿಯ ತುದಿ ಯಾವುದನ್ನೂ ಅಲ್ಲಿಗೆ ಒಯ್ಯಬೇಡಿ. ಒರೆಸಿದ ಮೇಲೆ ಒಂದು ರಾತ್ರಿ ಒಣ ಜಾಗದಲ್ಲಿ ಬಿಡಿ.

ಹಂತ 6: ಮರ ಮತ್ತು ತಿರುಪು

ಈ ಹಂತವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇಲ್ಲಿದೆ.

ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಟ್ರಿಗರ್ ಇರುವುದು ಗಾರ್ಡಿನಲ್ಲಿ, ಸಿಯರ್ ಇರುವುದು ರೈಫಲ್‌ನ ಲೋಹದ ಮೈಯಲ್ಲಿ. ಎರಡರ ನಡುವೆ ಇರುವುದು ಮರ. ಮರ ಕುಗ್ಗಿದರೆ ಗಾರ್ಡ್ ಮೇಲೆ ಬರುತ್ತದೆ, ಟ್ರಿಗರ್‌ನ ಉಬ್ಬುಗಳು ಸಿಯರಿಗೆ ತೀರ ಹತ್ತಿರವಾಗುತ್ತವೆ, ಮೊದಲ ಎಳೆತ ಕಿರಿದಾಗುತ್ತದೆ ಅಥವಾ ಮಾಯವಾಗುತ್ತದೆ. ಇನ್ನೂ ಮೇಲೆ ಬಂದರೆ ಯಾರೂ ಮುಟ್ಟದಿರುವಾಗಲೇ ಟ್ರಿಗರ್ ಸಿಯರನ್ನು ಒತ್ತಿ ಹಿಡಿದಿರುತ್ತದೆ, ಹಿಡಿತ ಅಪಾಯಕರವಾಗಿ ತೆಳುವಾಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಗಾರ್ಡ್ ಕೆಳಗೆ ಹೋದರೆ ಇದಕ್ಕೆ ವಿರುದ್ಧವಾಗಿ ಎಳೆತ ಉದ್ದವಾಗುತ್ತದೆ, ಎರಡನೆಯ ತಡೆ ಮಸುಕಾಗುತ್ತದೆ. ಜುಲೈಯಲ್ಲಿ ಒಂದು ರೀತಿ, ಮಾರ್ಚ್‌ನಲ್ಲಿ ಇನ್ನೊಂದು ರೀತಿ ಇರುವ ಟ್ರಿಗರ್‌ನ ರಹಸ್ಯ ಇಷ್ಟೇ.

ಇದನ್ನು ತಡೆಯಲೆಂದೇ ಮುಂದಿನ ತಿರುಪಿನ ಸುತ್ತ ಮರದೊಳಗೆ ಒಂದು ಸಣ್ಣ ಲೋಹದ ಕೊಳವೆ ಇರುತ್ತದೆ. ತಿರುಪು ಎಷ್ಟೇ ಬಿಗಿದರೂ ಗಾರ್ಡ್ ಆ ಕೊಳವೆಗೆ ತಾಗಿ ನಿಲ್ಲಬೇಕು. ಹಿಂದೆಂದೋ ಬಿಚ್ಚಿದಾಗ ಅದು ಉರುಳಿ ಕಳೆದುಹೋಗಿರುವುದು ಹಳೆಯ ರೈಫಲ್‌ಗಳಲ್ಲಿ ಅಪರೂಪವೇನಲ್ಲ. ಟಾರ್ಚ್ ಬಿಟ್ಟು ನೋಡಿ, ಇದೆಯೇ ಇಲ್ಲವೇ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಅಂದಾಜಿನ ಮೇಲೆ ಪೈಪಿನ ತುಂಡು ಕತ್ತರಿಸಿ ಹಾಕಬೇಡಿ. ಅದರ ಎತ್ತರವೇ ಟ್ರಿಗರ್‌ನ ಇಡೀ ಲೆಕ್ಕವಾದ್ದರಿಂದ ರಿಪೇರಿಯವರು ಅಳೆದು ಮಾಡಬೇಕು.

ಮರದ ಒಳಮೈ ನೋಡಿ. ಹೊರಗೆ ಪಾಲಿಶ್ ಮಿರುಗುತ್ತಿದ್ದರೂ ಒಳಗೆ ಬರೀ ಮರ ಬಾಯಿ ತೆರೆದು ನೀರು ಕುಡಿಯುತ್ತಿರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಒಣಗಿಸಿ, ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ, ಪದರ ಪದರವಾಗಿ, ಒಂದು ಪೂರ್ತಿ ಆರಿದ ಮೇಲೆ ಇನ್ನೊಂದರಂತೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿ. ಮರವನ್ನು ಎಲ್ಲಿಯೂ ಕೆತ್ತಬೇಡಿ.

ಮೌಸರ್ ಮಾದರಿಯಲ್ಲಿ ಟ್ರಿಗರ್ ಸಿಯರಿಗೇ ನೇತುಬಿದ್ದಿರುವುದರಿಂದ ಮರದ ಪ್ರಭಾವ ಇಷ್ಟಿಲ್ಲ. ಆದರೂ ತಿರುಪಿನ ಬಿಗಿ ನೋಡಿ.

ಹಂತ 7: ಎಣ್ಣೆ, ಜೋಡಣೆ, ಮರುತೂಕ

ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಖನಿಜ ಎಣ್ಣೆ ಸಾಕು. ಟ್ರಿಗರ್ ಪಿನ್ನಿಗೆ ಸೂಜಿಯ ತುದಿಯಿಂದ ಒಂದು ಹನಿ, ಸಿಯರ್ ತಿರುಗುವ ಕಡೆ ಒಂದು ಹನಿ. ಕಚ್ಚು ಮತ್ತು ಸಿಯರ್ ತಾಗುವ ಮೈಗೆ ಮಾಲಿಬ್ಡಿನಮ್ ಗ್ರೀಸನ್ನು ಬೆರಳಿನಿಂದ ತೀಡಿ, ಬಹುಪಾಲು ಒರೆಸಿಬಿಡಿ. ಕಣ್ಣಿಗೆ ಕಾಣುವಷ್ಟು ಎಣ್ಣೆ ನಿಂತಿದ್ದರೆ ಅದು ಹೆಚ್ಚಾಯಿತು, ಮುಂದಿನ ಧೂಳಿಗೆ ಅದೇ ಮನೆ.

ಫೋಟೊ ನೋಡಿಕೊಂಡು ಜೋಡಿಸಿ. ಮುಂದಿನ ತಿರುಪನ್ನು ಮೊದಲು ಪೂರ್ತಿ ಬಿಗಿಗೊಳಿಸಿ, ಆಮೇಲೆ ಹಿಂದಿನದು. ಹಿಂದಿನದನ್ನು ಬಿಗಿಯುವ ಮೊದಲು ಒಮ್ಮೆ, ಬಿಗಿದ ಮೇಲೆ ಒಮ್ಮೆ ಟ್ರಿಗರ್ ಎಳೆದು ನೋಡಿ. ಎಳೆತದ ಸ್ವಭಾವ ಗಮನಾರ್ಹವಾಗಿ ಬದಲಾದರೆ ಗಾರ್ಡ್ ಬಾಗಿದೆ ಅಥವಾ ಮರ ಸರಿಯಾಗಿ ಕುಳಿತಿಲ್ಲ. ನೋಟುಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಿ, ರಿಪೇರಿಯವರಿಗೆ ಇದು ಬಹಳ ಉಪಯುಕ್ತ ಸುಳಿವು.

ನಂತರ ಮೂರನೆಯ ಹಂತದಂತೆ ಮತ್ತೆ ಐದು ಸಲ ತೂಗಿ, ನಾಲ್ಕನೆಯ ಹಂತದ ಮೂರೂ ಪರೀಕ್ಷೆ ಮಾಡಿ. ಕರಕರ ಹೋಗಿ, ಐದೂ ತೂಕ ಒಂದಕ್ಕೊಂದು ಹತ್ತಿರ ಬಂದು, ಎರಡನೆಯ ತಡೆ ಸ್ಪಷ್ಟವಾಗಿದ್ದರೆ ಲೋಹದ ಕೆಲಸ ಬೇಕಿಲ್ಲ.

ಹಂತ 8: ರಿಪೇರಿಯವರ ಬಳಿ ಹೋಗುವುದು

ಇಷ್ಟಾದ ಮೇಲೂ ತೆವಳುತ್ತಿದ್ದರೆ, ತೂಕ ಮೂರೂವರೆ ಕೆ.ಜಿ. ದಾಟಿದ್ದರೆ, ತುಕ್ಕು ಕಚ್ಚಿನ ಮೈಯನ್ನೇ ತಿಂದಿದ್ದರೆ ಪರವಾನಗಿ ಇರುವ ಕೋವಿ ಅಂಗಡಿಗೆ ಒಯ್ಯಿರಿ. ಲೈಸೆನ್ಸ್ ಜೊತೆಯಲ್ಲಿರಲಿ, ರಿಪೇರಿಗೆ ಬಿಟ್ಟದ್ದಕ್ಕೆ ರಸೀದಿ ಪಡೆಯಿರಿ. ‘ಟ್ರಿಗರ್ ಹಗುರ ಮಾಡಿಕೊಡಿ’ ಎಂದಷ್ಟೇ ಹೇಳಿ ಬರಬೇಡಿ. ನಿಮ್ಮ ಪುಸ್ತಕದ ಅಂಕಿಗಳನ್ನು ತೋರಿಸಿ, ಎರಡು ಹಂತದ ಎಳೆತ ಹಾಗೆಯೇ ಉಳಿಯಬೇಕು, ತೆವಳುವುದು ನಿಲ್ಲಬೇಕು, ಕೊನೆಯ ತೂಕ ಎರಡರಿಂದ ಎರಡೂವರೆ ಕೆ.ಜಿ. ಇರಬೇಕು ಎಂದು ಬರೆದುಕೊಡಿ.

ಅವರು ಏನು ಮಾಡುತ್ತಾರೆಂದು ತಿಳಿದಿದ್ದರೆ ಒಳ್ಳೆಯದು. ಕಚ್ಚು ಮತ್ತು ಸಿಯರಿನ ಗಟ್ಟಿತನ ಹಲವು ಹಳೆಯ ರೈಫಲ್‌ಗಳಲ್ಲಿ ಮೇಲ್ಪದರದಲ್ಲಿ ಮಾತ್ರ ಇರುತ್ತದೆ. ಅದರ ಕೆಳಗೆ ಮೆದು ಉಕ್ಕು. ಅರ ಆಡಿಸಿದರೆ ಆ ಪದರ ಹರಿದು, ಕೆಳಗಿನ ಮೆದು ಭಾಗ ಬೇಗನೆ ಸವೆಯುತ್ತದೆ. ಬಲ್ಲವರು ನುಣ್ಣನೆಯ ಸಾಣೆಕಲ್ಲನ್ನು ಹಿಡಿಪಟ್ಟಿಯಲ್ಲಿಟ್ಟು, ಕೋನ ಬದಲಾಗದಂತೆ, ಒರಟುತನವನ್ನಷ್ಟೇ ಕಳೆಯುತ್ತಾರೆ. ಕೋನ ಸ್ವಲ್ಪ ಒಂದು ಕಡೆ ವಾಲಿದರೂ ಸ್ಪ್ರಿಂಗ್‌ನ ಒತ್ತಡವೇ ಸಿಯರನ್ನು ಹೊರಕ್ಕೆ ತಳ್ಳತೊಡಗುತ್ತದೆ. ‘ಸ್ಪ್ರಿಂಗ್ ಕತ್ತರಿಸಿದರೆ ಆಯಿತು’ ಎನ್ನುವವರ ಕೈಗೆ ರೈಫಲ್ ಕೊಡದೆ ಹಿಂತಿರುಗಿ ಬನ್ನಿ. ಸಿಯರ್ ಸ್ಪ್ರಿಂಗ್ ಸೋತರೆ ಬೋಲ್ಟ್ ಮುಚ್ಚುವಾಗಲೇ ಈಡು ಹಾರಬಹುದು. ಮುಖ್ಯ ಸ್ಪ್ರಿಂಗ್ ಸೋತರೆ ತೋಟಾ ಹುಸಿಯಾಗುತ್ತದೆ.

ಹೊಂದಾಣಿಕೆಯ ತಿರುಪುಗಳಿರುವ ಈಚಿನ ಟ್ರಿಗರ್‌ಗಳಲ್ಲಿ ಕಾರ್ಖಾನೆಯವರು ತಿರುಪಿಗೆ ಅಂಟು ಹಾಕಿ ಮುಚ್ಚಿರುತ್ತಾರೆ. ಅದನ್ನು ಒಡೆಯಬೇಡಿ. ಅಮೆರಿಕದ ರೆಮಿಂಗ್ಟನ್ ಕಂಪನಿ 2014ರ ಏಪ್ರಿಲ್‌ನಲ್ಲಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳಲ್ಲಿ 2006ರಿಂದ ಅಳವಡಿಸಿದ್ದ ಎಕ್ಸ್ ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ಹಿಂದಕ್ಕೆ ಕರೆಸಿತು. ಜೋಡಿಸುವಾಗ ಹಾಕಿದ ಅಂಟು ಹೆಚ್ಚಾಗಿ, ಬೆರಳು ಮುಟ್ಟದೆಯೂ ಈಡು ಹಾರುವ ಸಂಭವ ಇತ್ತು. ಇಷ್ಟು ಸೂಕ್ಷ್ಮವಾದ ಜಾಗ ಅದು.

ಕೇಪಿನ ಕೋವಿ, ಜೋಡುನಳಿಗೆ ಇರುವವರಿಗೆ ಒಂದೇ ಮಾತು. ಅವುಗಳ ಟ್ರಿಗರ್ ಹಗುರ ಮಾಡಿಸುವ ಯೋಚನೆ ಬೇಡ. ಕೇಪಿನ ಕೋವಿಯಲ್ಲಿ ಕೇಪಿಗೆ ಬಡಿಯುವ ಕುದುರೆಯನ್ನು ಅರ್ಧ ಎಳೆದು ಅರೆ ಕಚ್ಚಿಗೆ ನಿಲ್ಲಿಸಿ ಟ್ರಿಗರ್ ಒತ್ತಿ ನೋಡಿ, ಮದ್ದು ಕೇಪು ಏನೂ ಇಲ್ಲದಾಗ ಮಾತ್ರ. ಕುದುರೆ ಜಾರಿದರೆ ಆ ಕೋವಿಯನ್ನು ರಿಪೇರಿಯಾಗುವವರೆಗೆ ತುಂಬಬಾರದು.

ಹಂತ 9: ಬೆರಳಿಗೆ ಅಭ್ಯಾಸ

ಹಳೆಯ ಟ್ರಿಗರ್ ಹದಕ್ಕೆ ಬಂದರೂ ಬೆರಳು ಹಳೆಯ ಚಾಳಿಯನ್ನು ಬೇಗ ಬಿಡುವುದಿಲ್ಲ. ಡಮ್ಮಿ ತೋಟಾ ಹಾಕಿ, ರೈಫಲನ್ನು ದಿಂಬಿನ ಮೇಲಿಟ್ಟು, ನಳಿಗೆಯ ಮೇಲೆ ಗುರಿ ಹಿಡಿಯುವ ಮುಂದಿನ ಮೊನೆಯ ಹಿಂದೆ ಒಂದು ನಾಣ್ಯ ಇಡಿಸಿ. ಮೊದಲ ಎಳೆತವನ್ನು ಗುರಿ ಕೂಡಿಸುವಾಗಲೇ ಮುಗಿಸಿ, ತಡೆಯಲ್ಲಿ ನಿಲ್ಲಿ. ಉಸಿರನ್ನು ಅರ್ಧ ಬಿಟ್ಟು, ಬೆರಳಿನ ಮೊದಲ ಗೆಣ್ಣಿನ ಮೆತ್ತೆಯಿಂದ ನೇರ ಹಿಂದಕ್ಕೆ ಒತ್ತಡ ಹೆಚ್ಚಿಸುತ್ತ ಹೋಗಿ. ಸೂಜಿ ಬಿದ್ದಾಗ ನಾಣ್ಯ ಅಲುಗದಿದ್ದರೆ ಸರಿ. ದಿನಕ್ಕೆ ಹತ್ತು ಸಲ ಸಾಕು, ಬೆರಳು ದಣಿದ ಮೇಲಿನ ಅಭ್ಯಾಸ ಕೆಟ್ಟದ್ದನ್ನೇ ಕಲಿಸುತ್ತದೆ. ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿ ನಡೆದಾಗ ತಪ್ಪದೆ ಸೇರಿಕೊಳ್ಳಿ, ಹಳೆಯ ಕೈಗಳೂ ಅಲ್ಲಿ ಕಲಿಯುವುದಿದೆ.

ಹಂತ 10: ರೇಂಜಿನಲ್ಲಿ ಮೊದಲ ತೋಟಾ

ಮಾನ್ಯತೆ ಇರುವ ರೇಂಜಿನಲ್ಲಿ, ಅಲ್ಲಿನ ಅಧಿಕಾರಿಗೆ ಟ್ರಿಗರ್ ಕೆಲಸ ಆಗಿದೆಯೆಂದು ಮೊದಲೇ ಹೇಳಿ. ಮೊದಲಿಗೆ ಒಂದೇ ತೋಟಾ ತುಂಬಿ ಹೊಡೆಯಿರಿ. ಬೋಲ್ಟ್ ಮುಚ್ಚುವಾಗ ನಳಿಗೆ ಗುರಿಯ ದಿಬ್ಬದ ಕಡೆಗೇ ಇರಲಿ, ಬೆರಳು ಗಾರ್ಡಿನ ಹೊರಗಿರಲಿ. ಹೀಗೆ ಒಂದೊಂದಾಗಿ ಹಲವು ಈಡುಗಳು ಸರಿಯಾಗಿ ಹೋದ ಮೇಲೆ ಎರಡು ತೋಟಾ ತುಂಬಿ, ಆಮೇಲಷ್ಟೇ ಮ್ಯಾಗಜೀನ್ ತುಂಬಿ. ಯಾವ ಹಂತದಲ್ಲಾದರೂ ಬೆರಳು ನಿರೀಕ್ಷಿಸುವ ಮೊದಲೇ ಈಡು ಹಾರಿದರೆ, ಬೋಲ್ಟ್ ತೆಗೆದು ರೈಫಲನ್ನು ಅಲ್ಲಿಗೇ ನಿಲ್ಲಿಸಿ. ಮನೆಗೆ ಬಂದು ಒರೆಸಿದ ಮೇಲೆ ಮತ್ತೆ ಐದು ಸಲ ತೂಗಿ ಬರೆದಿಡಿ. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿ ಕಳೆದು ಗಾಳಿ ಒಣಗಿದಾಗ ಒಮ್ಮೆ ಇದೇ ತೂಕ ನೋಡಿ. ಅಂಕಿಗಳ ನಡುವೆ ಅರ್ಧ ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಮುಂದಿನ ತಿರುಪನ್ನು, ನಂತರ ಮರವನ್ನು ಪರೀಕ್ಷಿಸಿ.